ಉಗುಳೇ ಉಡುಗೊರೆಯಾದ ನೆಲ

ಹೊಸದಾಗಿ ಆಳಲು ಬಂದ ದೊರೆಯ ಸಭೆ. ಮರಳುಗಾಡಿನ ಮುಖಂಡನೊಬ್ಬ ಒಳಗೆ ಬಂದವನೇ ಮೇಜಿನ ಮೇಲೆ ಬಾಗಿ ಉಗುಳುತ್ತಾನೆ. ಸುತ್ತಲಿದ್ದವರು ಸಿಟ್ಟಿನಿಂದ ಎದ್ದು ನಿಲ್ಲುತ್ತಾರೆ. ಆ ಜನರ ನಡುವೆ ಇದ್ದು ಬಂದಿದ್ದ ಒಬ್ಬ ಮಾತ್ರ ಎಲ್ಲರನ್ನೂ ತಡೆದು, ಮೈಯ ನೀರನ್ನೇ ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಿ, ತಾನೂ ಅದೇ ಮೇಜಿನ ಮೇಲೆ ಉಗುಳುತ್ತಾನೆ.

ಇದು ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಕಾದಂಬರಿಯ ಸನ್ನಿವೇಶ. ಪುಸ್ತಕವಾಗಿ ಬಂದದ್ದು 1965ರಲ್ಲಿ. ನಮ್ಮಲ್ಲಿ ಒಬ್ಬರ ಎದುರು ಉಗುಳುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಅರಾಕಿಸ್ ಎಂಬ ಆ ಕಲ್ಪಿತ ಗ್ರಹದಲ್ಲಿ ಅದೇ ದೊಡ್ಡ ಮರ್ಯಾದೆ. ಮಳೆ ಬೀಳದ ನೆಲದಲ್ಲಿ ಬಾಯ ತೇವವೂ ಆಸ್ತಿ. ಭೂಗೋಳ ಹೇಗೆ ಜನರ ನಡೆನುಡಿಯೊಳಗೆ ಇಳಿಯುತ್ತದೆ ಎಂಬುದನ್ನು ಇಷ್ಟು ಚಿಕ್ಕ ಘಟನೆಯಲ್ಲಿ ತೋರಿಸಿದ ಬರಹ ನನಗೆ ಬೇರೆ ಸಿಕ್ಕಿಲ್ಲ.

ಕಾದಂಬರಿಯ ಪ್ರಕಾರ ಅರಾಕಿಸ್ ಸುತ್ತುವುದು ಕ್ಯಾನೋಪಸ್ ನಕ್ಷತ್ರವನ್ನು. ನಮ್ಮ ಹಿರಿಯರು ಆ ನಕ್ಷತ್ರಕ್ಕೆ ಇಟ್ಟ ಹೆಸರು ಅಗಸ್ತ್ಯ. ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಋಷಿಯ ಹೆಸರಿನ ನಕ್ಷತ್ರದ ಬಳಿ ಸಮುದ್ರವೇ ಇಲ್ಲದ ಗ್ರಹ! ಹರ್ಬರ್ಟ್‌ಗೆ ಈ ಕಥೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೂ ಚಳಿಗಾಲದ ರಾತ್ರಿ ತೆಂಕಣ ದಿಗಂತದಲ್ಲಿ ಅಗಸ್ತ್ಯ ಹೊಳೆಯುವುದನ್ನು ಕಂಡಾಗಲೆಲ್ಲ ನನಗೆ ಅರಾಕಿಸ್ ನೆನಪಾಗುತ್ತದೆ.

ಆ ಗ್ರಹಕ್ಕೆ ಎರಡು ಚಂದ್ರರು. ಧ್ರುವದಲ್ಲಿ ಒಂದಿಷ್ಟು ಹಿಮ. ಉತ್ತರದಲ್ಲಿ ಕಲ್ಲಿನ ಕೋಟೆಯಂತೆ ಎದ್ದ ಬೆಟ್ಟಸಾಲು, ಅದರ ಮರೆಯಲ್ಲಿ ಊರುಗಳು. ಉಳಿದದ್ದೆಲ್ಲ ಮರಳು. ಅಲ್ಲಲ್ಲಿ ಉಪ್ಪಿನ ಬಯಲುಗಳಿವೆ. ಉಪ್ಪಿನ ಬಯಲೆಂದರೆ ಹಿಂದೆ ಅಲ್ಲಿ ನೀರು ನಿಂತು ಆರಿದ್ದರ ಗುರುತು. ರಾಜಸ್ಥಾನದ ಸಾಂಭರ್ ಸರೋವರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಅರಾಕಿಸ್‌ನ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಹರ್ಬರ್ಟ್ ಆ ಉಪ್ಪಿನಲ್ಲೇ ಹುದುಗಿಸಿಟ್ಟರು.

ಈ ಮರಳುಲೋಕ ಹುಟ್ಟಿದ್ದು ಮರುಭೂಮಿಯಲ್ಲಿ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ಒದ್ದೆ ನಾಡು, ಮಳೆ ಧಾರಾಳ. ಅಲ್ಲಿಯ ಫ್ಲಾರೆನ್ಸ್ ಎಂಬ ಊರಿನ ಸುತ್ತ ಕಡಲಂಚಿನ ಮರಳುದಿಬ್ಬಗಳು ಗಾಳಿಗೆ ಸರಿದು ಬಂದು ರಸ್ತೆ, ಮನೆಗಳನ್ನು ನುಂಗುತ್ತಿದ್ದವು. ಸರ್ಕಾರದ ಕೃಷಿ ಇಲಾಖೆಯವರು ಯುರೋಪಿನ ಕಡಲತೀರದ ಹುಲ್ಲನ್ನು ತಂದು ನೆಟ್ಟು ಮರಳನ್ನು ನಿಲ್ಲಿಸಲು ಹೊರಟಿದ್ದರು. 1957ರಲ್ಲಿ ಪತ್ರಕರ್ತ ಹರ್ಬರ್ಟ್ ಆ ಸುದ್ದಿ ಹಿಡಿದು ಸಣ್ಣ ವಿಮಾನವೊಂದರಲ್ಲಿ ಮೇಲೆ ಹೋದರು. ಕೆಳಗೆ ಕಂಡದ್ದು ನಿಧಾನವಾಗಿ ಉರುಳುವ ಸಮುದ್ರದ ಅಲೆ. ಬರೆಯಬೇಕೆಂದಿದ್ದ ಆ ಲೇಖನ ಅಚ್ಚಾಗಲೇ ಇಲ್ಲ. ಬದಲಿಗೆ ವರ್ಷಗಳ ಓದು ಕೂಡಿ ಒಂದು ಗ್ರಹವೇ ಎದ್ದು ನಿಂತಿತು. ಕಾದಂಬರಿಯನ್ನು ಅವರು ಅರ್ಪಿಸಿದ್ದು ಒಣನೆಲದ ಪರಿಸರ ವಿಜ್ಞಾನಿಗಳಿಗೆ.

ಮರಳು ನಡೆಯುವುದೆಂದರೇನು ಎಂದು ನನಗೆ ತಿಳಿದದ್ದು ತಲಕಾಡಿನಲ್ಲಿ. ಅದೂ ಕಾವೇರಿಯ ದಂಡೆ, ಮರುಭೂಮಿಯಲ್ಲ. ಆಷಾಢದ ಗಾಳಿಯಲ್ಲಿ ಹೊಳೆಬದಿಯ ಬರಿಮರಳಿನ ಮೇಲೆ ಮಂಡಿಯೂರಿ ಕೂತು ನೋಡಿದೆ. ದೂರದಿಂದ ಹೊಗೆಯ ತೆಳು ಹಾಸಿನಂತೆ ಕಂಡದ್ದು ಹತ್ತಿರದಲ್ಲಿ ಕುಪ್ಪಳಿಸುವ ಕಾಳುಗಳಾಯಿತು. ಒಂದು ಕಾಳು ಎದ್ದು, ಗಾಳಿಯಲ್ಲಿ ಒಂದಷ್ಟು ಸಾಗಿ, ಓರೆಯಾಗಿ ಬಿದ್ದು, ಬಿದ್ದ ಕಡೆ ಬೇರೆ ಕಾಳುಗಳನ್ನು ಎಬ್ಬಿಸುತ್ತಿತ್ತು. ಕಣಕಾಲಿಗೆ ಚುರುಚುರು ಬಡಿಯುತ್ತಿದ್ದ ಮರಳು ಮೊಣಕಾಲಿನ ಮೇಲೆ ಇಲ್ಲವೇ ಇಲ್ಲ. ಕಣಜದಲ್ಲಿ ಭತ್ತ ಸುರಿದಂತೆ ದಿಬ್ಬದ ಆಚೆ ಬದಿಗೆ ಅದು ಜಾರಿ ಬೀಳುತ್ತಿತ್ತು.

ಈ ಕುಪ್ಪಳಿಕೆಯ ಲೆಕ್ಕವನ್ನು ಬಿಡಿಸಿದವರು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್. 1930ರ ದಶಕದಲ್ಲಿ ಲಿಬಿಯಾದ ಮರುಭೂಮಿಯನ್ನು ಕಾರಿನಲ್ಲಿ ಅಲೆದು, ಗಾಳಿಸುರಂಗ ಕಟ್ಟಿ ಪ್ರಯೋಗ ಮಾಡಿ, 1941ರಲ್ಲಿ ಅವರು ಬರೆದ ಗ್ರಂಥ ಇಂದಿಗೂ ಆಧಾರ. ಗಾಳಿಗೆ ಎದುರಾದ ಮಗ್ಗುಲಿನಲ್ಲಿ ಕಾಳುಗಳು ನಿಧಾನ ಏರುತ್ತವೆ. ತುದಿ ದಾಟಿದ ಮೇಲೆ ಗಾಳಿಯ ಮರೆ, ಅಲ್ಲಿ ಉದುರಿ ರಾಶಿಯಾಗುತ್ತವೆ. ಇಳಿಜಾರು ಸುಮಾರು 34 ಡಿಗ್ರಿ ಮುಟ್ಟಿದ ಕೂಡಲೇ ರಾಶಿ ಜಾರುತ್ತದೆ. ಹಿಂದಿನಿಂದ ಕರಗಿ ಮುಂದಕ್ಕೆ ಕಟ್ಟಿಕೊಳ್ಳುತ್ತ ಇಡೀ ದಿಬ್ಬ ಹೆಜ್ಜೆ ಇಡುತ್ತದೆ. ಇದಕ್ಕೆ ಬೇಕಾದದ್ದು ಸಡಿಲ ಮರಳು ಮತ್ತು ಬಿಡದ ಗಾಳಿ. ತಲಕಾಡಿನ ದೇವಾಲಯಗಳು ಹೂತುಹೋದದ್ದು ಅಲಮೇಲಮ್ಮನ ಶಾಪದಿಂದ ಎಂಬ ನಂಬಿಕೆ ಒಂದೆಡೆ ಇರಲಿ. ಮೇಲ್ಗಡೆ ಕಟ್ಟಿದ ಅಣೆಕಟ್ಟೆಯಿಂದ ಹೊಳೆಯ ಮರಳು ಗಾಳಿಗೆ ತೆರೆದುಕೊಂಡಿತು ಎಂಬ ವಿವರಣೆಯನ್ನು ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಮುಂದಿಟ್ಟಿದ್ದಾರೆ. ನೀರಿನ ಹರಿವು ಬದಲಾದರೆ ಮರಳು ಎದ್ದು ನಡೆಯುತ್ತದೆ.

2021ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಹವಾಮಾನ ತಜ್ಞರು ಅರಾಕಿಸ್‌ನ ನಕ್ಷೆಯನ್ನು ಸೂಪರ್‌ಕಂಪ್ಯೂಟರಿಗೆ ಉಣಿಸಿದರು. ಭೂಮಿಯ ಹವಾಮಾನ ಊಹಿಸಲು ಬಳಸುವಂಥದೇ ಮಾದರಿ. ಬೆಟ್ಟ, ವಾಯುಮಂಡಲ, ಕಕ್ಷೆ ಮಾತ್ರ ಹರ್ಬರ್ಟ್ ಲೋಕದ್ದು. ಬಂದ ಉತ್ತರ ಬೆರಗು ಹುಟ್ಟಿಸುವಂಥದು. ಉಷ್ಣವಲಯದಲ್ಲಿ ಸೆಕೆಯ ತಿಂಗಳುಗಳಲ್ಲಿ 45 ಡಿಗ್ರಿ ಸೆಲ್ಸಿಯಸ್, ತಂಪಿನ ಕಾಲದಲ್ಲಿ 15ಕ್ಕಿಂತ ಕೆಳಗಿಲ್ಲ. ಕಲಬುರಗಿಯ ಬೇಸಿಗೆ ಕಂಡವರು ಹೇಗೋ ತಡೆದುಕೊಂಡಾರು. ಧ್ರುವದತ್ತ ಹೋದಂತೆ ಬೇಸಿಗೆ 70 ಡಿಗ್ರಿ, ಚಳಿಗಾಲದಲ್ಲಿ ಸೊನ್ನೆಗಿಂತ 75 ಡಿಗ್ರಿ ಕೆಳಗೆ! ಹರ್ಬರ್ಟ್ ಜನವಸತಿಯನ್ನು ಬಹುಪಾಲು ಉತ್ತರದ ಎತ್ತರದ ಅಕ್ಷಾಂಶಗಳಲ್ಲಿ ಇಟ್ಟಿದ್ದರು, ತಂಪಿರಬಹುದೆಂದು. ಲೆಕ್ಕ ಅದನ್ನು ಒಪ್ಪಲಿಲ್ಲ. ಧ್ರುವದ ಹಿಮವೂ ಆ ಬೇಸಿಗೆಯಲ್ಲಿ ಉಳಿಯದು. ಉಳಿದಂತೆ ಕಾದಂಬರಿಕಾರನ ಊಹೆ ಅಷ್ಟೇನೂ ತಪ್ಪಿರಲಿಲ್ಲ: ಉಷ್ಣವಲಯದಲ್ಲಿ ಮಳೆಯಿಲ್ಲ, ದಿಬ್ಬಗಳು 250 ಮೀಟರ್‌ವರೆಗೆ ಬೆಳೆಯುತ್ತವೆ. ಅರೇಬಿಯಾದ ರಬ್ ಅಲ್ ಖಾಲಿಯಲ್ಲೂ ಅಷ್ಟೇ ಎತ್ತರದ ದಿಬ್ಬಗಳಿವೆ.

ಇಂಥ ನೆಲದಲ್ಲಿ ಬದುಕುವವರು ಫ್ರೆಮೆನ್. ಬಂಡೆಗಳ ಒಳಗಿನ ಗವಿಯೂರುಗಳಲ್ಲಿ ಅವರ ವಾಸ. ಹೊರಗೆ ಕಾಲಿಟ್ಟರೆ ಮೈಗೆ ಅಂಟಿದ ‘ಸ್ಟಿಲ್‌ಸೂಟ್’ ಬೇಕೇ ಬೇಕು. ಬೆವರು, ಉಸಿರಿನ ತೇವ, ಮಲಮೂತ್ರದ ನೀರನ್ನೆಲ್ಲ ಸೋಸಿ ಕುಡಿಯಲು ಕೊಡುವ ಉಡುಪು ಅದು. ದಿನಕ್ಕೆ ಕೆಲವು ಹನಿಯಷ್ಟು ನೀರು ಮಾತ್ರ ಹೊರಗೆ ಹೋಗುತ್ತದಂತೆ. ಇಲ್ಲಿ ಭೌತವಿಜ್ಞಾನ ತಕರಾರು ತೆಗೆಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಮೈಯಿಂದ ಜಿನುಗಿದ ತೇವ ಆವಿಯಾಗಿ ಹಾರಿಹೋಗುವುದರಿಂದ. ಅದೇ ಹೂಜಿಗೆ ಪ್ಲಾಸ್ಟಿಕ್ ಸುತ್ತಿ ನೋಡಿ, ನೀರು ಉಗುರುಬೆಚ್ಚಗೆ ಉಳಿದುಬಿಡುತ್ತದೆ. ಒಂದು ಲೀಟರ್ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಯ ಹತ್ತಿರ ತರಲು ಅಷ್ಟು ಸಾಕು. ಆವಿಯನ್ನು ಉಡುಪಿನೊಳಗೇ ಮತ್ತೆ ನೀರಾಗಿಸಿದರೆ ಆ ಶಾಖವೆಲ್ಲ ಮೈಗೇ ವಾಪಸು. ಹೊರಗಿನ ಗಾಳಿಯೂ ಬಿಸಿಯಾಗಿರುವಾಗ ಅದನ್ನು ದಬ್ಬಲು ಯಂತ್ರಬಲ ಬೇಕು. ಹರ್ಬರ್ಟ್ ನಡಿಗೆಯ, ಉಸಿರಾಟದ ಬಲದಿಂದಲೇ ಪಂಪು ಓಡಿಸಿದರು, ಅಷ್ಟು ಸಾಲದು.

ನೀರನ್ನು ಮರಳಿ ಪಡೆಯುವ ಕನಸು ಮಾತ್ರ ಸುಳ್ಳಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಯಾತ್ರಿಗಳ ಬೆವರು, ಉಸಿರು, ಮೂತ್ರದಿಂದ ನೂರಕ್ಕೆ 98 ಪಾಲು ನೀರು ವಾಪಸು ಪಡೆದದ್ದಾಗಿ 2023ರಲ್ಲಿ ನಾಸಾ ತಿಳಿಸಿತು. ಪ್ರಾಣಿಗಳು ಇದನ್ನು ಯಾವತ್ತೋ ಕಲಿತಿವೆ. ಒಂಟೆ ಉಸಿರು ಬಿಡುವಾಗ ಅದರ ಮೂಗಿನ ಸುರುಳಿಗಳು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಮೆರಿಕದ ಕಾಂಗರೂ ಇಲಿ ನೀರು ಕುಡಿಯದೆಯೂ ಬಾಳುತ್ತದೆ, ತಿಂದ ಒಣ ಕಾಳು ಮೈಯೊಳಗೆ ಉರಿದಾಗ ಹುಟ್ಟುವ ನೀರೇ ಅದಕ್ಕೆ ಸಾಕು. ಕಾದಂಬರಿಯ ನಾಯಕ ತನ್ನ ಹೊಸ ಹೆಸರಾಗಿ ಇಂಥದೇ ಪುಟ್ಟ ಇಲಿಯ ಹೆಸರನ್ನು ಆರಿಸಿಕೊಂಡದ್ದು ನನಗೆ ಬಹಳ ಇಷ್ಟ.

ಫ್ರೆಮೆನ್ ಸತ್ತರೆ ದೇಹದ ನೀರು ಬಣಕ್ಕೆ ಸೇರುತ್ತದೆ. ಜೇಮಿಸ್ ಎಂಬಾತನ ಸಾವಿನ ಪ್ರಸಂಗದಲ್ಲಿ ಅವನಿಂದ ದೊರೆತದ್ದು 33 ಲೀಟರ್ ಚಿಲ್ಲರೆ ಎಂದು ಹನಿಹನಿ ಅಳೆದು ಹೇಳುತ್ತಾರೆ. ವಯಸ್ಕರ ಮೈತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರು ಎಂಬುದನ್ನು ನೆನೆದರೆ, ಒಣಗಿ ಸಪೂರವಾದ ಗಂಡಸಿಗೆ ಆ ಅಳತೆ ಸರಿಯಾಗಿಯೇ ಇದೆ. ಅದೇ ಸಾವಿಗೆ ನಾಯಕ ಕಣ್ಣೀರು ಹಾಕಿದಾಗ ಸುತ್ತಲಿನವರು ನಡುಗಿಹೋಗುತ್ತಾರೆ. ಸತ್ತವನಿಗೆ ನೀರು ಕೊಟ್ಟವನನ್ನು ಅವರು ಕಂಡೇ ಇರಲಿಲ್ಲ. ತಿಲೋದಕ ಬಿಟ್ಟು ಸತ್ತವರನ್ನು ಕಳಿಸುವ ನಮಗೆ ಈ ನಡುಕ ಬೇಗ ಅರ್ಥವಾಗುತ್ತದೆ.

ಈ ಜನರನ್ನು ಹರ್ಬರ್ಟ್ ಶೂನ್ಯದಿಂದ ಸೃಷ್ಟಿಸಲಿಲ್ಲ. ಅವರ ಮಾತಿನ ತುಂಬ ಅರಬ್ಬಿ ಪದಗಳು. ಕಾಕಸಸ್ ಬೆಟ್ಟಗಳಲ್ಲಿ ರಷ್ಯಾದ ವಿರುದ್ಧ ಕಾದಿದ ಇಮಾಮ್ ಶಾಮಿಲ್ ಕುರಿತು ಲೆಸ್ಲಿ ಬ್ಲಾಂಚ್ 1960ರಲ್ಲಿ ಬರೆದ ಪುಸ್ತಕದ ಛಾಯೆಯೂ ದಟ್ಟ. ಆದರೆ ನನ್ನ ಮಟ್ಟಿಗೆ ಫ್ರೆಮೆನ್ನರಿಗೆ ತೀರ ಹತ್ತಿರದ ನೆಂಟರು ಥಾರ್ ಮರುಭೂಮಿಯವರು. ಅವರು ನೀರನ್ನು ಮೂರು ಹೆಸರಿನಿಂದ ಕರೆಯುತ್ತಾರೆ. ಮಳೆಯಿಂದ ನೇರ ಸಿಕ್ಕಿದ್ದು ಪಾಲರ್, ಆಳದ ಬಾವಿಯದು ಪಾತಾಲ್. ಇವೆರಡರ ನಡುವೆ ಇರುವುದು ರೇಜಾನಿ: ಮರಳಿನಲ್ಲಿ ಇಂಗಿದ ಮಳೆ ಕೆಳಗಿನ ಜಿಪ್ಸಮ್ ಪದರದಿಂದಾಗಿ ಉಪ್ಪುನೀರಿಗೆ ಬೆರೆಯದೆ ತೇವವಾಗಿ ನಿಂತದ್ದು. ಅದನ್ನು ಪಡೆಯಲು ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ‘ಕುಂಯಿ’ ತೋಡುತ್ತಾರೆ. ಸುತ್ತಲಿನ ಮರಳಿನ ತೇವ ಹನಿಯಾಗಿ ಒಸರಿ ತಳದಲ್ಲಿ ಕೂಡುತ್ತದೆ, ದಿನಕ್ಕೆ ಕೆಲವೇ ಕೊಡ. ಫ್ರೆಮೆನ್ನರ ಗುಪ್ತ ನೀರ್ಗೊಳಗಳನ್ನು ಓದುವಾಗ ನನ್ನ ಕಣ್ಣಮುಂದೆ ಬರುವುದು ಈ ಕುಂಯಿಗಳೇ.

ಅರಾಕಿಸ್‌ನ ಗ್ರಹವಿಜ್ಞಾನಿಗೆ ಒಂದು ಯೋಜನೆ. ಹುಲ್ಲಿನಿಂದ ದಿಬ್ಬ ಕಟ್ಟಿಹಾಕಿ, ಹಸಿರಿನ ಪಾಲನ್ನು ನೂರಕ್ಕೆ ಮೂರಕ್ಕೆ ಏರಿಸಿದರೆ ಆಮೇಲೆ ನೀರಿನ ಚಕ್ರ ತಾನೇ ತಿರುಗುತ್ತದೆ. ಅದಕ್ಕೆ ಹಿಡಿಯುವುದು ಶತಮಾನಗಳು. ಫ್ಲಾರೆನ್ಸಿನ ಹುಲ್ಲು ಕಾದಂಬರಿಯೊಳಗೆ ಹೊಕ್ಕದ್ದು ಹೀಗೆ. ಆದರೆ ಅರಾಕಿಸ್‌ನ ನೀರನ್ನು ಹೀರಿ ಬಂಧಿಸಿದ್ದು ಅಲ್ಲಿನ ಮರಳಿನೊಳಗೆ ಬದುಕುವ ದೈತ್ಯ ಮರಳುಹುಳುವಿನ ಮರಿಗಳೇ. ದೊಡ್ಡ ಹುಳುವಿಗೆ ನೀರು ವಿಷ. ಮುಂದಿನ ಸಂಪುಟಗಳಲ್ಲಿ ಹಸಿರು ಹಬ್ಬಿದಂತೆ ಹುಳು ಅಳಿಯುತ್ತದೆ, ಬಂಡೆಯೊಳಗಿನ ಶಿಸ್ತಿನ ಬದುಕು ಕಳಚುತ್ತದೆ, ಫ್ರೆಮೆನ್ನರು ಪೂರ್ವಿಕರ ವೇಷ ಹಾಕಿ ತೋರಿಸುವ ಜನರಾಗಿಬಿಡುತ್ತಾರೆ. ಮರುಭೂಮಿಯನ್ನು ರೋಗವೆಂದು ತಿಳಿದು ಔಷಧ ಹಾಕುವವರು ಆ ಪುಟಗಳನ್ನು ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ನಮ್ಮ ಒಣನಾಡುಗಳಲ್ಲಿ ಹಸಿರಿಗೆಂದು, ಸೌದೆಗೆಂದು ಹೊರದೇಶದ ಬಳ್ಳಾರಿ ಜಾಲಿಯನ್ನು ಬಿತ್ತಿದೆವು. ಥಾರ್‌ನಲ್ಲಿ ಅದು ಖೇಜ್ರಿಯ ಜಾಗವನ್ನೇ ಆಕ್ರಮಿಸಿತು. ಖೇಜ್ರಿ ಎಂದರೆ ನಮ್ಮ ಬನ್ನಿ, ಶಮೀವೃಕ್ಷ. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ 363 ಬಿಷ್ಣೋಯಿಗಳು ತಬ್ಬಿಕೊಂಡು ಪ್ರಾಣ ಕೊಟ್ಟದ್ದು ಅದೇ ಮರಕ್ಕಾಗಿ.

ಒರೆಗಾನಿನ ಹುಲ್ಲು? ಅದು ಮರಳಿನಲ್ಲಿ ಹೂತಷ್ಟೂ ಹುರುಪಿನಿಂದ ಮೇಲೇಳುವ ಜಾತಿ. ಊರು, ರಸ್ತೆ ಉಳಿಯಿತು. ಆದರೆ ಹುಲ್ಲು ಅಲ್ಲಿಗೇ ನಿಲ್ಲದೆ ಕರಾವಳಿಯುದ್ದಕ್ಕೂ ಗೋಡೆಯಂತೆ ದಿಬ್ಬ ಎಬ್ಬಿಸಿತು. ಕಡಲಿನಿಂದ ಬರಬೇಕಾದ ಮರಳು ಆ ಗೋಡೆಗೆ ತಡೆದು, ಒಳಗಿನ ದಿಬ್ಬಗಳು ಹಸಿರಾಗುತ್ತ, ನಡೆಯುವುದನ್ನು ಬಿಡುತ್ತಿವೆ. ಬರಿಮರಳಿನ ಮೇಲೆ ಮೊಟ್ಟೆಯಿಡುವ ಪುಟ್ಟ ಹಿಮಗೊರವ ಹಕ್ಕಿಗೆ ಜಾಗ ಇಲ್ಲವಾಯಿತು. ಈಗ ಅಲ್ಲಿ ಬುಲ್ಡೋಜರ್ ಬಿಟ್ಟು, ಕೈಯಿಂದ ಕಿತ್ತು, ಅದೇ ಹುಲ್ಲನ್ನು ತೆಗೆಯುತ್ತಿದ್ದಾರೆ, ಮರಳು ಮತ್ತೆ ನಡೆಯಲಿ ಎಂದು.