ಮೊದಲು ನೀರು ಹದವಾಗಲಿ, ಮೀನು ಆಮೇಲೆ

ಗಲ್ಫ್‌ನ ಕೆಲಸ ಬಿಟ್ಟು ಊರಿಗೆ ಬಂದವರ ಮುಂದಿರುವ ಪ್ರಶ್ನೆ ಒಂದೇ: ಇನ್ನು ಎಂತ ಮಾಡುವುದು? ಕೆಲವರು ಅಂಗಡಿ ಇಡುತ್ತಾರೆ, ಕೆಲವರು ಗಾಡಿ ತೆಗೆಯುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಅಕ್ವಾಪೋನಿಕ್ಸ್ ಕಡೆ ಮನಸ್ಸು ಮಾಡುವವರೂ ಇದ್ದಾರೆ. ಕೆಳಗೆ ಮೀನು, ಮೇಲೆ ತರಕಾರಿ, ಗೊಬ್ಬರದ ಖರ್ಚಿಲ್ಲ, ನೀರು ಪೋಲಾಗುವುದಿಲ್ಲ. ಕೇಳಲು ಚಂದ. ಆದರೆ ಇಪ್ಪತ್ತು ವರ್ಷದ ಉಳಿತಾಯವನ್ನು ಹಾಕುವ ಮೊದಲು ಒಂದು ಟ್ಯಾಂಕ್ ಇಟ್ಟು ನೋಡಿ.

ಸಂಗತಿ ಸರಳ. ಮೀನಿನ ಹಿಕ್ಕೆಯಿಂದ, ಉಸಿರಿನಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೈಟ್ ಕೂಡ ಮೀನಿಗೆ ಆಗದು. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಪಂಪು ಟ್ಯಾಂಕಿನ ನೀರನ್ನು ಜಲ್ಲಿ ತುಂಬಿದ ಪಾತಿಗೆ ಏರಿಸುತ್ತದೆ, ಅಲ್ಲಿಂದ ಅದು ಸೋಸಿ ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. ಆ ಬ್ಯಾಕ್ಟೀರಿಯಗಳ ಮನೆ ಜಲ್ಲಿಯೇ.

ಎಡವುವುದು ಇಲ್ಲೇ. ಟ್ಯಾಂಕ್ ಬಂದ ಮರುದಿನವೇ ಮರಿ ತಂದು ಬಿಡುತ್ತಾರೆ. ಬ್ಯಾಕ್ಟೀರಿಯ ಇನ್ನೂ ಹುಟ್ಟಿರುವುದಿಲ್ಲ, ಮರಿಗಳು ಸಾಯುತ್ತವೆ. ನಾಲ್ಕರಿಂದ ಆರು ವಾರ ಮೀನಿಲ್ಲದೆ ನೀರು ಓಡಿಸಬೇಕು. ಸ್ವಲ್ಪ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಸಾಕು, ಅಮೋನಿಯ ತಾನೇ ಹುಟ್ಟುತ್ತದೆ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಇಳಿದು ನೈಟ್ರೇಟ್ ಕಂಡ ಮೇಲೆಯೇ ಮರಿ. ಕಿಟ್‌ಗೆ ಹಣ ಕೊಡಲು ಹಿಂಜರಿಯಬೇಡಿ, ಪಂಪಿನಷ್ಟೇ ಅಗತ್ಯ ಅದು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ.

ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ, ಅಂದರೆ ಪಿಎಚ್ ಕಡಿಮೆ. ಬ್ಯಾಕ್ಟೀರಿಯ ಕೆಲಸ ಮಾಡಿದಷ್ಟೂ ಅದು ಇನ್ನೂ ಇಳಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯ ಸುಮ್ಮನಾಗುತ್ತದೆ. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ತಿಂದು ಎಸೆಯುವ ಮರುವಾಯಿ ಚಿಪ್ಪನ್ನು ತೊಳೆದು ಬಲೆಯ ಚೀಲದಲ್ಲಿ ಟ್ಯಾಂಕಿಗೆ ಇಳಿಬಿಡಿ, ನಿಧಾನಕ್ಕೆ ಕರಗಿ ಪಿಎಚ್ ಎತ್ತುತ್ತದೆ. ಹೆಚ್ಚೆನಿಸಿದರೆ ಚೀಲ ಎತ್ತಿದರಾಯಿತು.

ಈಗ ಲೆಕ್ಕ. ಸಾವಿರ ಲೀಟರ್ ಟ್ಯಾಂಕಿನಲ್ಲಿ ಹೊಸಬರು 10ರಿಂದ 20 ಕೆ.ಜಿ. ಮೀನಿಗಿಂತ ಹೆಚ್ಚು ಸಾಕಬಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ತಂದ ಕೈಪಿಡಿ ಹೇಳುತ್ತದೆ. ಅರ್ಧ ಕೆ.ಜಿ. ತೂಗುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಮೂವತ್ತು ಎಂದಿಟ್ಟುಕೊಳ್ಳಿ. ಆರರಿಂದ ಎಂಟು ತಿಂಗಳಿಗೆ ಸಿಗುವುದು ಹದಿನೈದು ಕೆ.ಜಿ.! ಮನೆಯ ಗಸಿಗೆ ಧಾರಾಳ, ಮಾರಿ ಸಂಸಾರ ನಡೆಸಲು ಏನೇನೂ ಸಾಲದು. ಟ್ಯಾಂಕ್ ಮಾರುವವರು ಈ ಗುಣಾಕಾರ ಮಾಡಿ ತೋರಿಸುವುದಿಲ್ಲ. ಹಣ ಬರುವುದಿದ್ದರೆ ಸೊಪ್ಪಿನಿಂದಲೇ: ಹರಿವೆ, ಬಸಳೆ, ಪುದೀನ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೇಕಾಗುತ್ತದೆ. ಮೊದಲು ನಿಮ್ಮ ಸೊಪ್ಪಿಗೆ ಗಿರಾಕಿ ಎಲ್ಲಿದ್ದಾರೆ ನೋಡಿ, ಆಮೇಲೆ ಟ್ಯಾಂಕಿನ ಗಾತ್ರ. ಬೆಂಡೆ, ಟೊಮೆಟೊ ಎರಡನೇ ವರ್ಷಕ್ಕಿರಲಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ, ಅದನ್ನು ಹೊರಗಿನಿಂದಲೇ ಕೊಡಬೇಕು. ಹುಳ ಬಿತ್ತೆಂದು ಔಷಧಿ ಹೊಡೆಯಬೇಡಿ, ತಂಬಾಕಿನ ಕಷಾಯವೂ ಮೀನನ್ನು ಕೊಲ್ಲುತ್ತದೆ.

ತಾರಸಿ ಮೇಲೆ ಇಡುವ ಆಸೆಯೆ? ಸಾವಿರ ಲೀಟರ್ ನೀರೆಂದರೆ ಒಂದು ಟನ್, ಜಲ್ಲಿಯ ಭಾರ ಬೇರೆ. ಇಂಜಿನಿಯರನ್ನು ಕೇಳದೆ ಬೇಡ, ಅಂಗಳವೇ ವಾಸಿ. ಮಳೆನೀರು ನೇರ ಬೀಳದ ಹಾಗೆ ಪಾರದರ್ಶಕ ಶೀಟು ಹಾಕಿ. ಇನ್ನು ಕರೆಂಟು. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅದು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ, ಮೀನು ತುಂಬಿದ ಟ್ಯಾಂಕಿಗೋ ಗಾಳಿಯಿಲ್ಲದೆ ಕೆಲವೇ ಗಂಟೆ. ಬ್ಯಾಟರಿಯಲ್ಲಿ ಓಡುವ ಏರೇಟರ್ ಇಲ್ಲದವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು.

ತಿಲಾಪಿಯ ಸಾಕಲು ಅನುಮತಿಯ ನಿಯಮಗಳಿವೆ, ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ದೇಶದಲ್ಲೇ ನಿಷೇಧ, ಯಾರು ಮರಿ ಕೊಡುತ್ತೇನೆಂದರೂ ಬೇಡ. 1969ರಿಂದ ಇರುವ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ದೂರದ ಊರಿನ ತರಬೇತಿಗೆ ದುಡ್ಡು ಸುರಿಯುವ ಮೊದಲು ಅಲ್ಲಿಗೊಮ್ಮೆ ಹೋಗಿ ಕೇಳಿ.

ಶುರು ಮಾಡುವುದಾದರೆ ಮಳೆ ಇಳಿಯುವ ಸೆಪ್ಟೆಂಬರ್ ಕೊನೆಗೆ ಟ್ಯಾಂಕ್ ಇಡಿ, ನವೆಂಬರ್‌ನಲ್ಲಿ ಮರಿ ಬಿಡಿ. ಜೂನ್ 1ರಿಂದ ಜುಲೈ 31ರ ತನಕ ದೋಣಿಗಳು ಕಡಲಿಗಿಳಿಯದೆ ಮಾರ್ಕೆಟ್‌ನಲ್ಲಿ ಮೀನಿನ ರೇಟು ಏರಿರುವಾಗ, ನಿಮ್ಮ ಅಂಗಳದ ಟ್ಯಾಂಕಿನಲ್ಲಿ ಹಿಡಿಯುವ ಗಾತ್ರದ ಮೀನು ಇರುತ್ತದೆ.