60 ವ್ಯಾಟಿನ ಬೆಳಕು, ಸೂರ್ಯನ 120 ಪಟ್ಟು

60 ವ್ಯಾಟ್ ಅಂದರೆ ಎಷ್ಟು? ಹಿಂದೆ ನಡುಮನೆಯಲ್ಲಿ ಉರಿಯುತ್ತಿದ್ದ ಹಳದಿ ಬಲ್ಬಿನ ಲೆಕ್ಕ. ಅದರಡಿ ಕೂತು ಓದಿದ ಯಾರ ಪುಸ್ತಕವೂ ಸುಡಲಿಲ್ಲ. ಮನೆ ಬಾಗಿಲಿಗೆ ಹೆಸರಿನ ಫಲಕ, ಶಾಲೆಯ ವಾರ್ಷಿಕೋತ್ಸವಕ್ಕೆ ಶೀಲ್ಡು ಮಾಡಿಕೊಡುವ ಅಂಗಡಿಯ ಲೇಸರ್ ಯಂತ್ರದ ಟ್ಯೂಬು ಕೊಡುವುದೂ ಸುಮಾರಾಗಿ ಇಷ್ಟೇ: 40, 60, ಹೆಚ್ಚೆಂದರೆ 100 ವ್ಯಾಟ್. ಒಂದೇ ವ್ಯತ್ಯಾಸ, ಬಲ್ಬು 60 ವ್ಯಾಟ್ ನುಂಗುತ್ತದೆ, ಟ್ಯೂಬು 60 ವ್ಯಾಟ್ ಉಗುಳುತ್ತದೆ. ಅಷ್ಟು ಉಗುಳಲು ಅದು ಹತ್ತಿರ ಹತ್ತಿರ 600 ನುಂಗುತ್ತದೆ. ಉಳಿದದ್ದೆಲ್ಲ ಶಾಖ, ಅದನ್ನು ಹೊತ್ತೊಯ್ಯಲು ಟ್ಯೂಬಿನ ಸುತ್ತ ನೀರು ಹರಿಯುತ್ತಲೇ ಇರಬೇಕು.

ಮಸೂರದಿಂದ ಇಳಿದು ಪ್ಲೈವುಡ್ ಮುಟ್ಟುವ ಹೊತ್ತಿಗೆ ಆ ಬೆಳಕಿನ ಚುಕ್ಕೆಯ ಅಗಲ 0.1 ಮಿಲಿಮೀಟರ್, ಕೂದಲೆಳೆಯಷ್ಟು. ಭಾಗಿಸಿ ನೋಡಿ: ಒಂದು ಚದರ ಮಿಲಿಮೀಟರಿಗೆ ಸುಮಾರು 7,600 ವ್ಯಾಟ್. ನಡುಮಧ್ಯಾಹ್ನದ ಬಿರುಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು 0.001 ವ್ಯಾಟ್. ಅಂದರೆ 76 ಲಕ್ಷ ಪಟ್ಟು.

ಬಿಸಿಲೇನು, ಸೂರ್ಯನನ್ನೇ ಕೇಳೋಣ. ಹಾಸನದಿಂದ ಹತ್ತು ಕಿ.ಮೀ. ಆಚೆ ಕೊರವಂಗಲದಲ್ಲಿ ಅವನಿಗೆ ಗುಡಿಯೇ ಇದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲಕ್ಕೆ, 1173ರಲ್ಲಿ, ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರದಲ್ಲಿ ಪಶ್ಚಿಮಕ್ಕೆ ಲಿಂಗ, ಎದುರಿಗೆ ಪೂರ್ವದಲ್ಲಿ ಸೂರ್ಯ. ಆಕಾಶದ ಸೂರ್ಯನ ಮೇಲ್ಮೈಯಿಂದ ಚದರ ಮಿಲಿಮೀಟರಿಗೆ ಹೊಮ್ಮುವುದು 63 ವ್ಯಾಟ್. ಅಂಗಡಿಯ ಚುಕ್ಕೆ ಅದರ 120 ಪಟ್ಟು! ಭೂತಗನ್ನಡಿಯನ್ನು ಊರಗಲ ಮಾಡಿ ಹಿಡಿದರೂ ಗಾಳಿಯಲ್ಲಿ ಬಿಸಿಲನ್ನು ಆ 63ರಿಂದ ಮೇಲಕ್ಕೆ ಏರಿಸಲು ಆಗದು. ಅದು ಭೌತಶಾಸ್ತ್ರ ಹಾಕಿದ ಗೆರೆ. ಬಿಸಿಲಿನ ಅಲೆಗಳು ಸಂತೆಯ ಜನ, ಒಬ್ಬೊಬ್ಬರದು ಒಂದೊಂದು ದಿಕ್ಕು. ಲೇಸರಿನಲ್ಲಿ ಎಲ್ಲ ಅಲೆಗೂ ಒಂದೇ ದಿಕ್ಕು, ಒಂದೇ ಲಯ. ಆದ್ದರಿಂದ ಅದಕ್ಕೆ ಆ ಗೆರೆ ಅಡ್ಡಬರುವುದಿಲ್ಲ.

ಟ್ಯೂಬಿನೊಳಗಿರುವುದು ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡು, ಜೊತೆಗೆ ನೈಟ್ರೋಜನ್, ಹೀಲಿಯಂ. ಇದರಿಂದ ಲೇಸರ್ ಹೊಮ್ಮಿಸಬಹುದೆಂದು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ತೋರಿಸಿದವರು ನಮ್ಮ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಹಲಗೆಯ ಮೇಲೆ ಓಡುವ ಕೆಂಪು ಚುಕ್ಕೆ ಜಾಗ ತೋರಿಸಲು ಇಟ್ಟ ಪುಟ್ಟ ದೀಪ ಮಾತ್ರ. ಅಸಲಿ ಕೆಲಸ ಗೊತ್ತಾಗುವುದು ಮೂಗಿಗೆ: ಮರವಾದರೆ ಸೌದೆ ಕರಕಲು, ಅಕ್ರಿಲಿಕ್ ಆದರೆ ಸಿಹಿ ಬೆರೆತ ಘಾಟು. ಚುಕ್ಕೆ ಬಿದ್ದಲ್ಲಿ ವಸ್ತು ಆವಿಯಾಗುತ್ತದೆ, ನಳಿಕೆಯ ಗಾಳಿ ಅದನ್ನು ಊದಿ ಕಳಿಸುತ್ತದೆ.

ಎ4 ಹಾಳೆಯಷ್ಟು ಫೋಟೊ ಕೆತ್ತಬೇಕೆನ್ನಿ. 0.1 ಮಿ.ಮೀ.ಗೊಂದು ಗೆರೆಯಂತೆ 2,970 ಗೆರೆ, 62 ಲಕ್ಷ ಚುಕ್ಕೆ. ಯಂತ್ರದ ತಲೆ ಹೋಗಿ ಬಂದು ಓಡುವ ದಾರಿ 624 ಮೀಟರ್. ಸೆಕೆಂಡಿಗೆ 300 ಮಿ.ಮೀ. ವೇಗದಲ್ಲಿ 35 ನಿಮಿಷ. ಗಿರಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ಅಜ್ಜನ ಮೀಸೆಯೂ ಮೂಡಿರುತ್ತದೆ.

ಕಲ್ಲು ಬಂದಾಗ ಲೆಕ್ಕ ಬದಲಾಗುತ್ತದೆ. ಕಲ್ಲು ಮರದ ಹಾಗೆ ಉರಿದುಹೋಗುವುದಿಲ್ಲ. ಕರಿ ಗ್ರಾನೈಟಿನ ಮೇಲ್ಪದರ ಸಣ್ಣಗೆ ಸಿಡಿದು ಬಿಳಿಚುತ್ತದೆ, ಚಿತ್ರ ಕಾಣುವುದು ಆ ಬಿಳಿಯಿಂದಲೇ. ಉಗುರು ಸಿಕ್ಕುವಷ್ಟೂ ಆಳ ಇರುವುದಿಲ್ಲ. ಕೊರವಂಗಲದ ಕಲ್ಲಿನ ಶಾಸನದ ಅಕ್ಷರಗಳಾದರೋ ಉಳಿಯ ಏಟಿಗೆ ಬಿದ್ದವು, ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ ಪ್ರಕಟಿಸುವಾಗಲೂ ಓದಲು ಸಿಕ್ಕವು.

ಅಂಥ ಕಲ್ಲನ್ನು ಈ ಯಂತ್ರಕ್ಕೆ ಕೊಟ್ಟರೆ? ಒಂದು ಸುತ್ತಿಗೆ 0.05 ಮಿ.ಮೀ. ಸವೆಯುತ್ತದೆಂದು ಧಾರಾಳವಾಗಿಯೇ ಹಿಡಿಯೋಣ. 2 ಮಿ.ಮೀ. ಆಳಕ್ಕೆ 40 ಸುತ್ತು. ಎ4ನಷ್ಟು ಜಾಗಕ್ಕೇ ತಲೆ 25 ಕಿ.ಮೀ. ಓಡಬೇಕು: ಹಾಸನದಿಂದ ಕೊರವಂಗಲಕ್ಕೆ ಹೋಗಿ ಬಂದರೂ ಇನ್ನೂ ಐದು ಕಿ.ಮೀ. ಬಾಕಿ. ಹೊತ್ತು 23 ಗಂಟೆ, ಬರೀ ಟ್ಯೂಬಿಗೆ ಹೆಚ್ಚೆಂದರೆ 14 ಯೂನಿಟ್ ಕರೆಂಟು, ತಂಪು ಮಾಡುವ ನೀರಿನ ಪಂಪಿನ ಖರ್ಚು ಬೇರೆ. ಅಷ್ಟರಲ್ಲಿ ಒಮ್ಮೆ ಕರೆಂಟು ಹೋಗಿ ಕಲ್ಲು ಕೂದಲೆಳೆಯಷ್ಟು ಕದಲಿದರೂ ಮುಂದಿನ ಸುತ್ತಿನ ಗೆರೆಗಳು ಹಿಂದಿನವುಗಳ ಮೇಲೆ ಕೂರುವುದಿಲ್ಲ.