ಅಡುಗೆಮನೆಯ ನೆಪ ಹೇಳುವ ಮುನ್ನ...

ಮಧ್ಯಾಹ್ನದ ಊಟ ಮುಗಿದಿದೆ. ಪಾತ್ರೆ ತೊಳೆದಿಟ್ಟು, ಇನ್ನೇನು ಸ್ವಲ್ಪ ಅಡ್ಡಾಗೋಣ ಅಂದುಕೊಳ್ಳುತ್ತೀರಿ. ಆಗ ಪೊಲೀಸ್ ಪೇದೆಯೊಬ್ಬರು ಬಾಗಿಲಿಗೆ ಬಂದು, ಕೋರ್ಟಿನ ಕಾಗದವೊಂದನ್ನು ನಿಮ್ಮ ಕೈಗೆ ಕೊಟ್ಟರೆ ಹೇಗಾದೀತು? ಎದೆ ಧಸಕ್ಕೆನ್ನುವುದಿಲ್ಲವೇ? "ನಾನೇನು ತಪ್ಪು ಮಾಡಿದೆನಪ್ಪಾ!" ಎಂಬುದು ಮೊದಲ ಯೋಚನೆ. "ಇದರಿಂದ ಹೇಗೆ ತಪ್ಪಿಸಿಕೊಳ್ಳಲಿ?" ಎಂಬುದು ಎರಡನೆಯದು. ಆ ಎರಡನೆಯ ಯೋಚನೆಯ ಬಗ್ಗೆಯೇ ನಿಮ್ಮೊಡನೆ ನಾಲ್ಕು ಮಾತು ಆಡಬೇಕಾಗಿದೆ.

ಇದು ನನ್ನ ತಲೆ ಹೊಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ. ಮೊಮ್ಮಗನನ್ನು ನೋಡಿಕೊಳ್ಳಲು ಆರು ತಿಂಗಳು ಹೋಗಿದ್ದೆ. ಅವಳು ಅಲ್ಲಿನ ಪೌರತ್ವ ಪಡೆದು ಹೆಚ್ಚು ದಿನವಾಗಿರಲಿಲ್ಲ. ಒಂದು ದಿನ ಅಂಚೆಯಲ್ಲಿ ಜ್ಯೂರಿಗೆ ಕರೆ ಬಂತು. ಆ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಹನ್ನೆರಡು ಮಂದಿ ಪ್ರಜೆಗಳು. ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸಿನ ಪಟ್ಟಿಗಳಿಂದ ಹೆಸರು ಎತ್ತಿ ಕರೆಸುತ್ತಾರೆ. ಬರುವುದಿಲ್ಲ ಎಂದು ಸುಮ್ಮನೆ ಕೂರುವಂತಿಲ್ಲ.

ಮಗಳು ತಲೆಯ ಮೇಲೆ ಕೈ ಹೊತ್ತಳು. ಮೊದಲು ದಿನಾಂಕ ಮುಂದೂಡಿಸಿಕೊಂಡಳು. ಆಮೇಲೆ ಸ್ನೇಹಿತೆಯರಿಗೆಲ್ಲ ಫೋನು. ಒಬ್ಬಳು, "ನಂಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅನ್ನು" ಅಂದಳಂತೆ. ದಿನಕ್ಕೆ ಎಂಟು ಗಂಟೆ ಇಂಗ್ಲಿಷಿನಲ್ಲೇ ಕೆಲಸ ಮಾಡುವ ಹುಡುಗಿಗೆ ಈ ಉಪದೇಶ! ಇನ್ನೊಬ್ಬಳು, "ಯಾರನ್ನ ಕಂಡ್ರೂ ನಂಗೆ ಕಳ್ಳ ಅನ್ಸುತ್ತೆ ಅಂತ ಹೇಳ್ಬಿಡು, ವಾಪಸ್ ಕಳಿಸ್ತಾರೆ" ಅಂದಳಂತೆ.

"ಮಗು ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಬರೆದುಬಿಡ್ತೀನಮ್ಮ" ಎಂದಳು ಕೊನೆಗೆ.

"ಯಾಕೆ, ನಾನಿಲ್ವೇನೇ?" ಎಂದೆ.

"ಸುಮ್ನಿರಮ್ಮ, ಅದನ್ನ ನಾನೇ ಹೇಳೋದಾ!"

ಅಂತೂ ಹೋದಳು. ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳಿ ಆರಿಸಿದರು. ಇವಳೂ ಆಯ್ಕೆಯಾದಳು. ನಾಲ್ಕು ದಿನ ನಡೆಯಿತು. ಕೇಸು ಮುಗಿಯುವವರೆಗೆ ಅದರ ಮಾತನ್ನು ಮನೆಯಲ್ಲೂ ಆಡಬಾರದೆಂದು ಕಟ್ಟಪ್ಪಣೆ. ನನಗೋ ಕುತೂಹಲ ತಡೆಯಲಾಗದು! ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಎಲ್ಲ ಮುಗಿದ ರಾತ್ರಿ ಊಟಕ್ಕೆ ಕುಳಿತಾಗ ಇಷ್ಟು ಮಾತ್ರ ಅಂದಳು: "ಅಮ್ಮಾ, ಒಬ್ಬನ ಬದುಕು ನಮ್ಮ ಕೈಲಿತ್ತು. ಹನ್ನೆರಡೂ ಜನ ಒಪ್ಪಲೇಬೇಕಿತ್ತು. ನಾನು ತಪ್ಪಿಸ್ಕೊಂಡಿದ್ರೆ ನನ್ನ ಜಾಗದಲ್ಲಿ ಯಾರು ಕೂತಿರ್ತಿದ್ರೋ ಅಂತ ಯೋಚನೆಯಾಯ್ತು."

ನೆಪವೇ ಕಾನೂನಾಗಿದ್ದ ಕಾಲ

ಆ ಮೇಲೆ ಅವಳೇ ಓದಿ ಹೇಳಿದ ಚರಿತ್ರೆ ಕೇಳಿ. ಅಲ್ಲಿನ ಹೆಂಗಸರು ಈಗ ಹೇಳಿ ತಪ್ಪಿಸಿಕೊಳ್ಳಲು ನೋಡುವ "ಮನೆ, ಮಕ್ಕಳು, ಅಡುಗೆ" ಎಂಬ ನೆಪವನ್ನು ಒಂದು ಕಾಲದಲ್ಲಿ ಕಾನೂನೇ ಅವರ ಪರವಾಗಿ ಹೇಳುತ್ತಿತ್ತು!

1957ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಗ್ವೆಂಡೊಲಿನ್ ಹಾಯ್ಟ್ ಎಂಬಾಕೆ ಜಗಳದಲ್ಲಿ ಗಂಡನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದ ಆರೋಪ ಹೊತ್ತಳು. ಅವಳ ಬಾಳನ್ನು ತೀರ್ಮಾನಿಸಿದ ಜ್ಯೂರಿಯಲ್ಲಿದ್ದವರೆಲ್ಲ ಗಂಡಸರೇ. ಒಬ್ಬ ಹೆಂಡತಿಯ ಸಂಕಟ ಹೆಂಗಸರಿಗೆ ಅರ್ಥವಾದಂತೆ ಇವರಿಗೆ ಆದೀತೇ ಎಂಬುದು ಅವಳ ಕಡೆಯವರ ವಾದ. ಹೆಂಗಸರೇಕಿರಲಿಲ್ಲ? ಅಲ್ಲಿ ಗಂಡಸರ ಹೆಸರು ತಾನಾಗಿಯೇ ಪಟ್ಟಿಗೆ ಸೇರುತ್ತಿತ್ತು. ಹೆಂಗಸು ತಾನೇ ಕಛೇರಿಗೆ ಹೋಗಿ "ನಾನು ಸಿದ್ಧ" ಎಂದು ಬರೆಸಿದರಷ್ಟೇ ಅವಳ ಹೆಸರು. ಆ ಜಿಲ್ಲೆಯ ಸುಮಾರು 46,000 ಮಹಿಳಾ ಮತದಾರರಲ್ಲಿ ಹಾಗೆ ಬರೆಸಿದ್ದವರು 220 ಮಂದಿ. ಹತ್ತು ಸಾವಿರ ಹೆಸರಿನ ಜ್ಯೂರಿ ಪಟ್ಟಿಯಲ್ಲಿದ್ದ ಹೆಂಗಸರು ಕೇವಲ 10!

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1961ರ ನವೆಂಬರಿನಲ್ಲಿ ಬಂದ ತೀರ್ಪಿನಲ್ಲಿ ಅವಳು ಸೋತಳು. ಹೆಂಗಸು ಈಗಲೂ ಮನೆ-ಸಂಸಾರದ ಕೇಂದ್ರವಾಗಿದ್ದಾಳೆ, ಆದ್ದರಿಂದ ತಾನಾಗಿ ಬಯಸದ ಹೊರತು ಅವಳಿಗೆ ಈ ಹೊರೆ ಬೇಡ ಎಂದು ರಾಜ್ಯ ಭಾವಿಸಿದರೆ ತಪ್ಪಿಲ್ಲ ಎಂಬುದು ನ್ಯಾಯಮೂರ್ತಿಗಳ ಅಭಿಪ್ರಾಯ. ಕೇಳಲು ಎಷ್ಟು ಮರ್ಯಾದೆಯ ಮಾತು ನೋಡಿ! ಆದರೆ ಆ ಮರ್ಯಾದೆಯ ಫಲವಾಗಿ ಕಟಕಟೆಯಲ್ಲಿ ನಿಂತಿದ್ದ ಹೆಂಗಸಿನ ಕಷ್ಟ ಬಲ್ಲ ಇನ್ನೊಬ್ಬ ಹೆಂಗಸು ಆ ಕೋಣೆಯಲ್ಲಿರಲಿಲ್ಲ.

ಹದಿಮೂರು ವರ್ಷಗಳ ಮೇಲೆ, 1975ರ ಜನವರಿಯಲ್ಲಿ, ಲೂಯಿಸಿಯಾನ ರಾಜ್ಯದ ಇಂಥದೇ ಕಾನೂನನ್ನು ಅದೇ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆ ಸಲ ದೂರಿದವನು ಒಬ್ಬ ಗಂಡಸು! ಹೆಂಗಸರಿಲ್ಲದ ಜ್ಯೂರಿ ಊರಿನ ಜನರ ಜ್ಯೂರಿಯಲ್ಲ ಎಂಬುದು ಅವನ ತಕರಾರು. ಮಿಸ್ಸೂರಿ ರಾಜ್ಯದಲ್ಲಿ ಮಾತ್ರ "ನಾನು ಹೆಂಗಸು, ನನಗೆ ಬೇಡ" ಎಂದರೆ ಸಾಕು, ಬಿಟ್ಟುಬಿಡುತ್ತಿದ್ದರು. ಅಲ್ಲಿನ ಒಂದು ಜಿಲ್ಲೆಯ ವಯಸ್ಕರಲ್ಲಿ ನೂರಕ್ಕೆ 54 ಹೆಂಗಸರಿದ್ದರೂ ಜ್ಯೂರಿಗೆ ಬಂದವರಲ್ಲಿ ನೂರಕ್ಕೆ 15ರಷ್ಟೂ ಇರಲಿಲ್ಲ. 1979ರಲ್ಲಿ ಅದೂ ಹೋಯಿತು. ಅದರ ವಿರುದ್ಧ ವಾದಿಸಿದವರಲ್ಲಿ ಒಬ್ಬರು ರೂತ್ ಬೇಡರ್ ಗಿನ್ಸ್‌ಬರ್ಗ್. 1993ರಲ್ಲಿ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಮಹಿಳೆ.

ನಮ್ಮಲ್ಲಿ ಹೇಗೆ?

"ಅದೆಲ್ಲ ಅಮೆರಿಕದ ಕಥೆ, ನಮಗೇನು?" ಎನ್ನುತ್ತೀರೇನೋ. ಒಂದು ಕಾಲಕ್ಕೆ ನಮ್ಮ ದೇಶದಲ್ಲೂ ಜ್ಯೂರಿ ಇತ್ತು. ಮುಂಬಯಿಯ ನಾನಾವತಿ ಮೊಕದ್ದಮೆಯ ಹೆಸರನ್ನು ಹಿರಿಯರಿಂದ ಕೇಳಿರಬಹುದು. 1959ರಲ್ಲಿ ಆ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಆರೋಪಿ ನಿರಪರಾಧಿ ಎಂದರು. ಹೈಕೋರ್ಟು ಅದನ್ನು ಒಪ್ಪದೆ ಶಿಕ್ಷೆ ವಿಧಿಸಿತು. 1974ರ ಏಪ್ರಿಲಿನಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಹಾಗಾದರೆ ನಮಗೆ ಕರೆ ಬರುವುದೇ ಇಲ್ಲವೇ? ಬರುತ್ತದೆ, ಸಾಕ್ಷಿಯಾಗಿ. ನನಗೂ ಬಂದಿತ್ತು.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಗೋಡೆಯಾಚೆಯ ಮನೆಗೆ ಹೊಸದಾಗಿ ಬಂದ ಸೊಸೆಯನ್ನು ಹೊಡೆಯುವ ಸದ್ದು ರಾತ್ರಿ ನಮಗೆ ಕೇಳುತ್ತಿತ್ತು. ಕೊನೆಗೆ ಪೊಲೀಸರವರೆಗೆ ಹೋಯಿತು. ಅವರು ಕೇಳಿದಾಗ ಇದ್ದದ್ದು ಹೇಳಿದ್ದೆ. ಕೋರ್ಟಿನಿಂದ ಸಮನ್ಸ್ ಬಂದಾಗ ಮಾತ್ರ ಕೈಕಾಲು ನಡುಗಿತು. ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡೆ. ನಮ್ಮತ್ತೆ ಬಾಗಿಲಲ್ಲಿ, "ಅವಳಿಲ್ಲಪ್ಪ" ಎಂದರು. ಪೇದೆ, "ಮನೇಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ಹೊರಟುಹೋದ. ಎರಡನೆಯ ಸಲ ಕಾಗದ ಯಜಮಾನರ ಕೈಗೇ ಸಿಕ್ಕಿತು. ನಾನು ಆ ದಿನಕ್ಕೆ ಸರಿಯಾಗಿ ತವರಿಗೆ ಬಸ್ಸು ಹತ್ತಿದೆ. ಸಾಕ್ಷಿ ಸಾಲದೆ ಕೇಸು ಬಿದ್ದುಹೋಯಿತು.

ಮೂರು ವರ್ಷದ ಮೇಲೆ ಆ ಹುಡುಗಿ ಸಂತೆಯಲ್ಲಿ ಸಿಕ್ಕಳು. ತವರಿನಲ್ಲಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಳು. ಬೈಯಲಿಲ್ಲ. "ಅವತ್ತು ನೀವು ಬರ್ತೀರಿ ಅಂತ ಬಾಗಿಲ ಕಡೆನೇ ನೋಡ್ತಾ ನಿಂತಿದ್ದೆ ಅಕ್ಕಾ" ಎಂದಳು, ಅಷ್ಟೆ. ಚೀಲದಲ್ಲಿ ಏನು ತರಕಾರಿ ಹಾಕಿಸಿಕೊಂಡೆನೋ ಇಂದಿಗೂ ನೆನಪಿಲ್ಲ.

ಪೇದೆ ಗಂಡಸರನ್ನೇ ಕೇಳಿದ್ದೇಕೆ ಗೊತ್ತೇ? ಕರೆಸಿಕೊಂಡವರು ಸಿಗದಿದ್ದರೆ ಮನೆಯ ವಯಸ್ಕ ಗಂಡಸಿನ ಕೈಗೆ ಸಮನ್ಸ್ ಕೊಡಬೇಕೆಂದು ಆಗಿನ ಕಾನೂನಿನಲ್ಲೇ ಇತ್ತು. ಮನೆ ನಡೆಸುವ ಹೆಂಗಸು ಒಂದು ಕಾಗದ ಇಸಿದುಕೊಳ್ಳಲೂ ಯೋಗ್ಯಳಲ್ಲ ಎಂದ ಹಾಗೆ! 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ "ಗಂಡಸು" ಎಂಬ ಮಾತು ಹೋಗಿದೆ. ಈಗ ಮನೆಯ ಯಾವ ವಯಸ್ಕರಾದರೂ ಸರಿ, ಅತ್ತೆ, ಸೊಸೆ, ಮಗಳು ಯಾರ ಕೈಗಾದರೂ ಕೊಡಬಹುದು.

ಸಮನ್ಸ್ ಬಂದರೆ

● ಗಾಬರಿಯಾಗಬೇಡಿ. ಸಾಕ್ಷಿಯಾಗಿ ಕರೆಸಿದರೆ ನೀವು ಆರೋಪಿಯಲ್ಲ. ಯಾವ ಕೋರ್ಟು, ಕೇಸಿನ ನಂಬರೇನು, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಓದಿ ಬರೆದಿಟ್ಟುಕೊಳ್ಳಿ.

● ಕಾಯಿಲೆ, ಹೆರಿಗೆ ಮೊದಲಾದ ನಿಜವಾದ ತೊಂದರೆಯಿದ್ದರೆ ಡಾಕ್ಟರ ಚೀಟಿಯೊಡನೆ ಮೊದಲೇ ಕೋರ್ಟಿಗೆ ತಿಳಿಸಿ ಬೇರೆ ದಿನ ಕೇಳಿ. ಸುಮ್ಮನೆ ಹೋಗದಿದ್ದರೆ ವಾರಂಟು ಹೊರಡಬಹುದು, ದಂಡವೂ ಬೀಳಬಹುದು.

● ಪೊಲೀಸರು ವಿಚಾರಣೆಗೆಂದು ಸಾಕ್ಷಿಯಾದ ಹೆಂಗಸನ್ನು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ. ಅವರೇ ನಿಮ್ಮ ಮನೆಗೆ ಬಂದು ಕೇಳಬೇಕು. ಆದರೆ ಕೋರ್ಟಿನ ಸಮನ್ಸ್ ಬೇರೆ, ಅದಕ್ಕೆ ಹೋಗಲೇಬೇಕು.

● ಕಂಡದ್ದು, ಕೇಳಿದ್ದು ಮಾತ್ರ ಹೇಳಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಎನ್ನಿ, ಊಹೆ ಬೇಡ. ಕನ್ನಡದಲ್ಲೇ ಹೇಳಿ.

● ಯಾರಾದರೂ ಹೆದರಿಸಿದರೆ ಕೋರ್ಟಿಗೆ ತಿಳಿಸಿ. ಸಾಕ್ಷಿಗಳ ರಕ್ಷಣೆಗೆಂದೇ 2018ರ ಯೋಜನೆಯೊಂದಿದೆ.

● ಬಸ್ಸಿನ ಖರ್ಚು ಕೊಡಿಸುವ ಅವಕಾಶವೂ ಕಾನೂನಿನಲ್ಲಿದೆ, ಕೇಳಲು ಸಂಕೋಚ ಬೇಡ. ಸಲಹೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಕಾನೂನಿನ ನೆರವು ಉಚಿತ.

ಒಂದು ದಿನ ಬೆಳಿಗ್ಗೆ ಬೇಗನೆ ಎದ್ದು ಚಿತ್ರಾನ್ನ ಕಲಸಿಟ್ಟು ಹೊರಟರೆ ಮನೆಯೇನೂ ಮುಳುಗುವುದಿಲ್ಲ. ಮದುವೆ, ಗೃಹಪ್ರವೇಶಗಳಿಗೆ ನಾವು ಹಾಗೆಯೇ ಹೋಗುತ್ತೇವಲ್ಲವೇ? "ನಾನು ಮನೇಲಿರೋಳು, ನಂಗೇನು ಗೊತ್ತು" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆಯಿರಿ. ಕೋರ್ಟಿನ ಆ ಬಾಗಿಲ ಕಡೆ ನೋಡುತ್ತಾ ಯಾರೋ ನಿಂತಿರಬಹುದು.